ಗಂಗತ್ತಿಯ ಕಿವಿ, ನನ್ನ ಕ್ಯಾಮೆರಾ

ಯಾವ ಮನೆಗೆ ಹೋದರೂ ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುವುದು ನನ್ನ ಹಳೆಯ ಚಟ. ಕುರ್ಚಿ, ಮನುಷ್ಯರು, ಮುಂದಿಟ್ಟ ಚಹಾ ಎಲ್ಲ ಆಮೇಲೆ ಕಾಣುತ್ತವೆ. ಕಣ್ಣು ಕಿರಿದು ಮಾಡಿ, 'ಇಲ್ಲಿ ಮೂವತ್ತರಲ್ಲೊಂದು ಸೆಕೆಂಡು ಬೇಕಾದೀತು, ಕೈ ನಡುಗಬಾರದು' ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿದ ಮೇಲೆಯೇ ನನಗೆ ಸಮಾಧಾನ. ಮೊನ್ನೆ ದವಾಖಾನೆಯಲ್ಲಿ ಹೀಗೇ ಕಿಟಕಿಯ ಕಡೆ ನೋಡುತ್ತ ಕೂತಿದ್ದಾಗ ಹೆಂಡತಿ ಮೊಣಕೈಯಿಂದ ತಿವಿದಳು. "ಮತ್ತ ಬೆಳಕ ಅಳ್ಯಾಕ ಹತ್ತಿದ್ರೇನು? ಡಾಕ್ಟರು ಆವಾಗಿಂದ ನಾಲಿಗಿ ತಗೀರಿ ಅನ್ನಾಕತ್ತಾರ."

ಕ್ಯಾಮೆರಾ ಕೈಯಲ್ಲಿ ಹಿಡಿದು ಎಷ್ಟೋ ವರ್ಷಗಳಾದವು. ಆದರೂ ಚಟ ಹೋಗಿಲ್ಲ. ಇದನ್ನು ಕಲೆ ಎಂದು ಹೊಗಳುವವರೂ ಇದ್ದಾರೆ. ಅಂಥವರಿಗೆ ನಾನು ನಿಜ ಹೇಳುವುದಿಲ್ಲ, ನಿಮಗೆ ಹೇಳುತ್ತೇನೆ. ಇದು ಬಂದದ್ದು ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಸೆಲ್ಲು ಸಿಗದೆ ಇದ್ದದ್ದರಿಂದ.

ಎಂಬತ್ತರ ದಶಕದ ಮಾತು. ನಾವು ಕುಂದಗೋಳದಲ್ಲಿದ್ದೆವು. ಅಪ್ಪನಿಗೆ ಹೊಲ, ಎತ್ತು. ನನಗೆ ಸೊಸೈಟಿಯಲ್ಲಿ ಗುಮಾಸ್ತಿಕೆ. ಅಣ್ಣ ಮಲ್ಲಪ್ಪ ಮಿಲಿಟರಿಯಲ್ಲಿ, ಉತ್ತರದ ಯಾವುದೋ ದಂಡಿನ ಊರಲ್ಲಿ. ಅವ್ವ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದಳು. ಆಗ ಮನೆ ನೋಡಿಕೊಳ್ಳಲು ಬಂದವಳು ಗಂಗತ್ತಿ, ಅಪ್ಪನ ಅಕ್ಕ. ಗಂಡ ಸತ್ತು, ಮಕ್ಕಳಿಲ್ಲದೆ, ತವರಿಗೆ ಮರಳಿದ್ದಳು. ಬಂದ ದಿನವೇ ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸಿದಳಂತೆ. ಅಂದಿನಿಂದ ಮನೆಯ ಯಜಮಾನಿಕೆ ಅವಳದೇ.

ಅಣ್ಣ ಒಂದು ರಜೆಯಲ್ಲಿ ಬರುವಾಗ ಕ್ಯಾಮೆರಾ ತಂದ. ವರ್ಗವಾಗಿ ಹೋಗುತ್ತಿದ್ದ ಯಾರೋ ಸಾಹೇಬರಿಂದ ಕೊಂಡದ್ದು. ಜಪಾನಿನದು, ಆಗಲೇ ಹಳೆಯದು, ತೊಗಲಿನ ಚೀಲದ ಸಮೇತ. ನೋಡುವ ಕಿಂಡಿಯೊಳಗೆ ಬಾಜೂಕ್ಕೆ ಒಂದು ಕೂದಲೆಳೆಯಂಥ ಮುಳ್ಳು. ಬೆಳಕಿದ್ದರೆ ಅದು ಏರುತ್ತದೆ, ಕತ್ತಲಾದರೆ ಇಳಿಯುತ್ತದೆ. ಉಂಗುರ ತಿರುವಿ ಮುಳ್ಳನ್ನು ನಡುವಿನ ಕಚ್ಚಿಗೆ ತಂದು ನಿಲ್ಲಿಸಿದರೆ ಫೋಟೋ ಸರಿಯಾಗಿ ಬರುತ್ತದೆ. ಅಷ್ಟೇ ವಿದ್ಯೆ. ಅಣ್ಣ ಅದನ್ನು ಕಲಿಸಿ ರಜೆ ಮುಗಿಸಿ ಹೋದ. ಅವನ ಹಿಂದೆಯೇ ಮುಳ್ಳೂ ಹೋಯಿತು. ಸೂರ್ಯನ ಕಡೆ ಹಿಡಿದರೂ ಏಳಲಿಲ್ಲ. ಕ್ಯಾಮೆರಾದ ತಳದಲ್ಲಿ ನಾಣ್ಯದ ಅಂಚಿನಿಂದ ತಿರುವಿ ತೆಗೆಯುವ ಮುಚ್ಚಳವಿತ್ತು. ಅದರೊಳಗೆ ಗುಂಡಿಯಂಥ ಸೆಲ್ಲು, ಸತ್ತು, ಅಂಚಿನಲ್ಲಿ ಉಪ್ಪುಗಟ್ಟಿ ಕೂತಿತ್ತು.

ನಮಗೆ ಸೆಲ್ಲೆಂದರೆ ಕೈಬ್ಯಾಟರಿಗೆ, ರೇಡಿಯೋಕ್ಕೆ ಹಾಕುವ ದಪ್ಪನೆಯ ಸೆಲ್ಲು. ಅದು ಸತ್ತರೆ ಗಾಬರಿಯಾಗುತ್ತಿರಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆಯ ಬಾಜೂಕ್ಕೆ ಬಿಸಿಲಿಗೆ ಇಟ್ಟರೆ ಇನ್ನೆರಡು ದಿನ ವಾರ್ತೆ ಕೇಳಬಹುದಿತ್ತು. ಪೂರ್ತಿ ಸತ್ತ ಮೇಲೆ ಒಡೆದು, ಒಳಗಿನ ಕಪ್ಪು ಕಡ್ಡಿ ತೆಗೆದು ಗೋಡೆಯ ಮೇಲೆ ಬರೆಯುತ್ತಿದ್ದೆವು. ಗೋಡೆ ಕಪ್ಪಾದದ್ದಕ್ಕೆ ಬೆನ್ನೂ ಕೆಂಪಾಗುತ್ತಿತ್ತು. ಈ ಗುಂಡಿ ಸೆಲ್ಲಿಗೆ ಅಂಥ ಮರುಜನ್ಮ ಇರಲಿಲ್ಲ. ನನಗದು ಗೊತ್ತಿರಲಿಲ್ಲವಾಗಿ ಅದನ್ನೂ ಸಂಡಿಗೆಯ ತಟ್ಟೆಯ ಅಂಚಿಗೆ ಇಟ್ಟೆ. ಮಿಂಚುವುದನ್ನು ಕಂಡು ಕಾಗೆ ಒಯ್ದಿತು. ಅಂಗಡಿಗೆ ತೋರಿಸಲು ಮಾದರಿಯೂ ಇಲ್ಲವಾಯಿತು.

ಗಡಿಯಾರ ರಿಪೇರಿಯ ಖಾದರಸಾಬರ ಮುಂದೆ ಖಾಲಿ ಕ್ಯಾಮೆರಾ ಇಟ್ಟೆ. ಅವರು ತಳದ ಕುಳಿಯೊಳಗೆ ಬೆರಳ ತುದಿ ಹಾಕಿ ನೋಡಿದರು.

"ತಮ್ಮಾ, ಇಷ್ಟ ಅಗಲದ್ದು ನಾ ನೋಡೇ ಇಲ್ಲ. ಕ್ಯಾಲ್ಕುಲೇಟರಿಂದು ಐತಿ, ಸಣ್ಣದು. ಕೂಡತೈತೇನು ನೋಡು."

ಕೂಡಲಿಲ್ಲ, ಕೂಡಿಸಿದೆ. ಸೈಕಲ್ ಟ್ಯೂಬಿನಿಂದ ಉಂಗುರದಂಥ ಚೂರು ಕತ್ತರಿಸಿ ಸುತ್ತ ಇಟ್ಟೆ. ಎತ್ತರ ಸಾಲದ್ದಕ್ಕೆ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಮಡಚಿ ಕೆಳಗೆ ಹಾಕಿದೆ. ಮುಳ್ಳು ಟಕ್ಕನೆ ಎದ್ದಿತು. ಆ ಉಮೇದಿಯಲ್ಲಿ ಒಂದು ರೋಲು ಪೂರ್ತಿ ಹೊಡೆದೆ: ಅಪ್ಪ, ಎತ್ತು, ಗಂಗತ್ತಿ, ಓಣಿಯ ಬಾವಿ, ಮೆಣಸಿನಕಾಯಿಯ ರಾಶಿ. ಹುಬ್ಬಳ್ಳಿಯಲ್ಲಿ ತೊಳೆಸಿ ತಂದಾಗ ಎಲ್ಲವೂ ದೀಪ ಹಚ್ಚುವ ಹೊತ್ತಿನಲ್ಲಿ ತೆಗೆದ ಹಾಗೆ ಬಂದಿದ್ದವು. ಗಂಗತ್ತಿ ಒಂದು ಪ್ರಿಂಟನ್ನು ಹತ್ತಿರ ಹಿಡಿದು, ದೂರ ಹಿಡಿದು ಕೇಳಿದಳು:

"ಲೇ ಈರ್ಯಾ, ಇದರಾಗ ನಿಮ್ಮಪ್ಪ ಯಾರು, ಎತ್ತು ಯಾವುದು?"

ಹುಬ್ಬಳ್ಳಿಯ ಸ್ಟುಡಿಯೋದವರು ಕಾರಣ ಹೇಳಿದರು. ಈ ಕ್ಯಾಮೆರಾಕ್ಕೆ ಬೇಕಾದದ್ದು ಪಾದರಸದ ಸೆಲ್ಲು. ಅದರ ಕಸುವು ಸ್ವಲ್ಪ ಕಡಿಮೆ. ಕ್ಯಾಲ್ಕುಲೇಟರಿನದು ಅದಕ್ಕಿಂತ ಜೋರು. ಆ ಹೆಚ್ಚಿನ ಕಸುವಿನಿಂದ ಮುಳ್ಳು, ಇದ್ದದ್ದಕ್ಕಿಂತ ಹೆಚ್ಚು ಬೆಳಕಿದೆ ಎಂದು ಬಡಾಯಿ ಕೊಚ್ಚುತ್ತದೆ. ಪಾದರಸದ್ದು ಎಲ್ಲಿ ಸಿಗುತ್ತದೆ ಎಂದರೆ, "ಮುಂಬೈಗೆ ಯಾರರ ಹೋಗವರಿದ್ರ ಹೇಳಿ ಕಳಸ್ರಿ" ಅಂದರು. ನನಗೆ ಗೊತ್ತಿದ್ದವರಲ್ಲಿ ಮುಂಬೈಗೆ ಹೋದವರಿದ್ದರು. ಆದರೆ ಹೋದವರು ಯಾರೂ ನಾನು ಹೇಳಿದ್ದನ್ನು ತರುವ ಪೈಕಿ ಇರಲಿಲ್ಲ.

ಅಂಥ ಸೆಲ್ಲು ನಮ್ಮ ಮನೆಯಲ್ಲಿಯೇ ಇತ್ತು, ಗಂಗತ್ತಿಯ ಕಿವಿಯ ಹಿಂದೆ.

ಅವಳ ಕಿವಿ ಮಂದವಾಗಿ ಬಹಳ ದಿನಗಳಾಗಿದ್ದವು. ಅಣ್ಣ ಇನ್ನೊಂದು ರಜೆಯಲ್ಲಿ ಬಂದಾಗ ಹುಬ್ಬಳ್ಳಿಯ ಕಿವಿ ಡಾಕ್ಟರ ಹತ್ತಿರ ಕರೆದೊಯ್ದು, ಕಿವಿಯ ಹಿಂದೆ ಸಿಕ್ಕಿಸುವ ಯಂತ್ರ ಕೊಡಿಸಿದ. ಅವಳ ಬಾಯಲ್ಲಿ ಅದು 'ಮಿಷನ್ನು'. ಮಿಷನ್ನು ಬಂದ ಮೇಲೆ ನಮಗೆ ಹೊಸ ಕಷ್ಟ ಶುರುವಾಯಿತು. ಅಲ್ಲಿಯವರೆಗೆ ಅವಳ ಎದುರಿಗೇ ಅವಳ ಸಾರಿನ ಬಗ್ಗೆ ಮಾತಾಡುತ್ತಿದ್ದೆವು. ಈಗ ಅಡುಗೆಮನೆಯಿಂದ ಉತ್ತರ ಬರತೊಡಗಿತು. ಒಂದು ದಿನ ಹಾಲಿನವಳ ಜೊತೆ ನೀರಿನ ವಿಷಯಕ್ಕೆ ಜಗಳ ನಡೆದಿತ್ತು. ಗಂಗತ್ತಿ ಗೆಲ್ಲುವ ಹಂತದಲ್ಲಿದ್ದಾಗ ಮಿಷನ್ನು ನಿಂತಿತು. ಈ ಪಾದರಸದ ಸೆಲ್ಲಿನ ಗುಣವೇ ಹಾಗೆ. ದಿನದಿಂದ ದಿನಕ್ಕೆ ಸೊರಗುವುದಿಲ್ಲ. ಚೆನ್ನಾಗಿಯೇ ಇದ್ದು ಒಮ್ಮೆಲೇ ಹೋಗಿಬಿಡುತ್ತದೆ. ಹಾಲಿನವಳು ಕೊನೆಯ ಮಾತು ಹೇಳಿ ಹೋದಳು, ಗಂಗತ್ತಿಗೆ ಅದು ಕೇಳಲಿಲ್ಲ. ಆ ಸಿಟ್ಟಿನಲ್ಲಿ ಮಿಷನ್ನು ಕಿತ್ತು ನನ್ನ ಕೈಗಿಟ್ಟು, "ಸೆಲ್ಲ ಹಾಕು, ಲಗೂನ" ಅಂದಳು. ಅವಳು ಕೊಟ್ಟ ಹೊಸ ಸೆಲ್ಲು ಖಾದರಸಾಬರ ಸೆಲ್ಲಿನಷ್ಟೇ ಗಾತ್ರ. ಪಾಕೀಟಿನ ಮೇಲೆ ಸಣ್ಣ ಅಕ್ಷರದಲ್ಲಿ ಪಾದರಸದ್ದೆಂದು ಅಚ್ಚಾಗಿತ್ತು.

ಟ್ಯೂಬಿನ ಉಂಗುರ, ಬೆಳ್ಳಿ ಕಾಗದ ಹೇಗೂ ಸಿದ್ಧವಿದ್ದವು. ಅವಳು ಹಾಲಿನವಳನ್ನು ಹುಡುಕಿ ಹೋಗುವುದರೊಳಗೆ, ಮಿಷನ್ನಿಗೆ ಹಾಕುವ ಮೊದಲು, ಸೆಲ್ಲನ್ನು ಕ್ಯಾಮೆರಾದಲ್ಲಿ ಕೂಡಿಸಿ ನೋಡಿದೆ. ಮುಳ್ಳು ಬಡಾಯಿಯಿಲ್ಲದೆ ಏರಿ ಸರಿಯಾದ ಜಾಗದಲ್ಲಿ ನಿಂತಿತು.

ಅಂದಿನಿಂದ ಸೆಲ್ಲಿಗೆ ಮನೆಯಲ್ಲಿ ಇಬ್ಬರು ಹಕ್ಕುದಾರರಾದೆವು. ಗಂಗತ್ತಿಯ ಕಾಯಿದೆ ಸರಳವಾಗಿತ್ತು. "ನಂದ ಮೊದಲು. ಉಳದ್ರ ನಿಂದು." ಉಳಿಯುವುದು ಅಪರೂಪ. ಹುಬ್ಬಳ್ಳಿಯಲ್ಲಿ ಕಿವಿಯ ಸೆಲ್ಲು ಮಾರುತ್ತಿದ್ದದ್ದು ಒಂದೇ ಅಂಗಡಿ. ಅಲ್ಲಿಯೂ ಅರ್ಧ ಸಲ 'ಮಾಲು ಬಂದಿಲ್ಲ'. ಸಿಕ್ಕಾಗ ಗಂಗತ್ತಿ ಅವನ್ನು ಎಲೆಅಡಿಕೆಯ ಚಂಚಿಯಲ್ಲಿ ಇಡುತ್ತಿದ್ದಳು. ಒಮ್ಮೆ ಮಾತಿನ ಭರದಲ್ಲಿ ಅಡಿಕೆಯೆಂದು ಸೆಲ್ಲನ್ನೇ ಬಾಯಿಗೆ ಒಯ್ದದ್ದನ್ನು ಕಂಡು ನಾನು ಕೈ ಹಿಡಿದೆ. "ನನ್ನ ಜೀವದ ಚಿಂತಿ ಅಲ್ಲ ಇವಗ, ಸೆಲ್ಲಿಂದು" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಸೆಲ್ಲಿಲ್ಲದ ದಿನಗಳಲ್ಲಿ ನಾನು ಅಂದಾಜಿನ ಮೇಲೆ ಫೋಟೋ ತೆಗೆಯುತ್ತಿದ್ದೆ. ಮೊದಲು ಕಣ್ಣಿನಿಂದ ಬೆಳಕು ಅಳೆದು ಒಂದು ಲೆಕ್ಕ ಹೇಳಿಕೊಳ್ಳುವುದು, ಸೆಲ್ಲು ಸಿಕ್ಕಾಗ ಅದೇ ಜಾಗದಲ್ಲಿ ಮುಳ್ಳನ್ನು ಕೇಳುವುದು. ಹೀಗೆ ಅಂಟಿದ ಚಟವೇ ಈಗ ಡಾಕ್ಟರಿಗೆ ನಾಲಿಗೆ ತೋರಿಸಲು ಅಡ್ಡ ಬರುತ್ತಿರುವುದು.

ಇರಲಿ, ಅಣ್ಣನ ಮದುವೆಯ ವಿಷಯಕ್ಕೆ ಬರುತ್ತೇನೆ.

ಕುಬಿಹಾಳದಿಂದ ಒಂದು ಕನ್ಯಾ ಬಂದಿತ್ತು. ಹೆಸರು ಶಾರದಾ, ಮ್ಯಾಟ್ರಿಕ್ ಪಾಸು. ತಂದೆ ಇಲ್ಲ, ತಾಯಿ ಪಾರವ್ವ. ಇದ್ದ ಒಂದೇ ಮನೆಯನ್ನು ನಡುವೆ ಗೋಡೆ ಎತ್ತಿ ಪಾಲು ಮಾಡಿದ್ದರು. ಆ ಕಡೆ ಹುಡುಗಿಯ ದೊಡ್ಡಪ್ಪನ ಸಂಸಾರ, ಈ ಕಡೆ ತಾಯಿ ಮಗಳು. ಮೊದಲು ಬಂದ ಫೋಟೋ ಸ್ಟುಡಿಯೋದ್ದು. ಹಿಂದೆ ಬಣ್ಣದ ಪರದೆ, ಮುಂದೆ ಪ್ಲಾಸ್ಟಿಕ್ ಹೂವು, ಹುಬ್ಬು ಪೆನ್ಸಿಲ್ಲಿನಿಂದ ತಿದ್ದಿದ್ದು. ಅದನ್ನು ಅಣ್ಣನಿಗೆ ಕಳಿಸಿದೆವು. ಅವನಿಗೆ ರಜೆ ಇರಲಿಲ್ಲ. 'ಪರದೆ ಚಲೋ ಐತಿ, ಹುಡುಗಿ ಹೆಂಗಿದ್ದಾಳ ತಿಳೀಲಿಲ್ಲ. ನೀವು ಹೋಗಿ ನೋಡ್ರಿ. ಈರಣ್ಣ ತನ್ನ ಕ್ಯಾಮೆರಾದಾಗ ತೆಗೆದು ಕಳಸಲಿ' ಎಂದು ಬರೆದ.

ಹೋಗುವ ದಿನ ಮುಂಜಾನೆ ನೋಡಿದರೆ ಕ್ಯಾಮೆರಾದ ಸೆಲ್ಲು ಸತ್ತಿತ್ತು. ಚಂಚಿ ಖಾಲಿ. ಹುಬ್ಬಳ್ಳಿಗೆ ಹೋಗಿ ಬರಲು ಹೊತ್ತಿಲ್ಲ. ಬಿಸಿಲಲ್ಲಾದರೆ ಅಂದಾಜಿನ ಮೇಲೆ ತೆಗೆದೇನು, ಮನೆಯೊಳಗೆ ತೆಗೆಯುವುದೆಂದರೆ ನನಗೆ ಇನ್ನೂ ಧೈರ್ಯ ಬಂದಿರಲಿಲ್ಲ. ನಾನು ಮಾರಿ ಸಣ್ಣದು ಮಾಡಿ ನಿಂತದ್ದನ್ನು ಗಂಗತ್ತಿ ನೋಡಿದಳು.

"ನಂದ ತಗೋ. ಫೋಟೋ ಹೊಡದ ಮ್ಯಾಲ ತಿರುಗಿ ಹಾಕಿ ಕೊಡು. ಮಾತಕತಿ ಸುರು ಆಗೂದ್ರಾಗ ಕೊಡಬೇಕ ಮತ್ತ."

ಒಪ್ಪಿದೆ. ಕುಬಿಹಾಳದಲ್ಲಿ ಬಸ್ಸಿನಿಂದ ಇಳಿದ ಮೇಲೆ, ಅವರ ಮನೆಯ ಕಟ್ಟೆಯ ಮೇಲೆ ಕೂತು ಸೆಲ್ಲು ಬದಲಿಸಿದೆ. ಒಳಗೆ ಬರೀ ಐದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಆದರೆ ಹುಡುಗಿ ಬೇಗ ಹೊರಗೆ ಬರಲಿಲ್ಲ. ಬಂದ ಮೇಲೆ ಅವಳನ್ನು ಅಂಗಳದ ಬೆಳಕಿನಲ್ಲಿ ನಿಲ್ಲಿಸಬೇಕೆಂದರೆ ದೊಡ್ಡಪ್ಪ ಒಪ್ಪಲಿಲ್ಲ. "ಮಂದಿ ನೋಡತಾರ, ಒಳಗ ತಗೀರಿ." ಪಡಸಾಲೆಯಲ್ಲಿ ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ಕೋಲು ಬೆಳಕು ಬಿಟ್ಟರೆ ಎಲ್ಲ ಕತ್ತಲೆ. ಅದರ ಅಂಚಿಗೆ ಅವಳನ್ನು ಕೂಡಿಸಿ, ನಾನು ಕಂಬಕ್ಕೆ ಆತು ಮುಳ್ಳಿನ ಜೊತೆ ಗುದ್ದಾಡುತ್ತಿದ್ದೆ. ಅಷ್ಟರಲ್ಲಿ ಮಾತುಕತೆ ಶುರುವಾಗಿಯೇ ಬಿಟ್ಟಿತು.

ಅಪ್ಪ ಮತ್ತು ದೊಡ್ಡಪ್ಪ ಲಗ್ನದ ಜವಳಿಯ ಬಗ್ಗೆ ಮಾತಾಡಿದರು. ಹುಬ್ಬಳ್ಳಿಯಲ್ಲಿ ತರುವುದೋ ಧಾರವಾಡದಲ್ಲೋ, ಯಾರು ಯಾರು ಹೋಗುವುದು ಎಂದು. ಗಂಗತ್ತಿ ಕಂಬಳಿಯ ಮೇಲೆ ಕೂತು, ಎಲ್ಲರ ಬಾಯಿ ನೋಡುತ್ತ, ದೊಡ್ಡವರಿಗೆ ತಕ್ಕಂತೆ ಆಗಾಗ ತಲೆಯಾಡಿಸುತ್ತಿದ್ದಳು. ಆಗ ಪಾರವ್ವ ಅಡುಗೆಮನೆಯ ಬಾಗಿಲಿನಿಂದ ಎದ್ದು ಬಂದು ಗಂಗತ್ತಿಯ ಮುಂದೆ ಕೂತಳು. ಬಹಳ ಸಣ್ಣ ದನಿ ಅವಳದು.

"ಯಕ್ಕಾರ, ನನಗ ಈಕಿ ಬಿಟ್ರ ಯಾರೂ ಇಲ್ಲರಿ. ಲಗ್ನ ಆದಮ್ಯಾಲ ಈಕಿ ಜೋಡಿ ನಾನೂ ನಿಮ್ಮ ಮನಿಗೆ ಬರಲೇನ್ರಿ? ಒಂದ ಮೂಲ್ಯಾಗ ಇರತೇನಿ."

ಆ ಕಾಲದಲ್ಲಿ ಹೆಣ್ಣು ಕೊಟ್ಟ ತಾಯಿ ಬೀಗರ ಮನೆಯಲ್ಲಿ ಬಂದು ಇರುವುದೆಂದರೆ ಕೇಳಿದವರಿಲ್ಲ, ಕಂಡವರಿಲ್ಲ. ಮಗಳ ಮನೆಯಲ್ಲಿ ಮೊಮ್ಮಗು ಹುಟ್ಟುವ ತನಕ ಒಂದು ತುತ್ತು ಉಣ್ಣಬಾರದೆನ್ನುವ ತಾಯಂದಿರಿದ್ದರು. ಮುಳ್ಳು ಕಚ್ಚಿಗೆ ಬಂದು ನಿಂತದ್ದೂ ಆಗಲೇ. ನಾನು ಉಸಿರು ಹಿಡಿದೆ. ಗಂಗತ್ತಿ, ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಮಾಳಿಗೆ ನಡುಗುವ ಹಾಗೆ ಹೇಳಿದಳು:

"ಬರ್ರಿ! ಅದನ್ನೇನ ಕೇಳತೀರಿ? ಅಗದಿ ಅವಶ್ಯ ಬರ್ರಿ!"

ಹುಡುಗಿ ಕ್ಯಾಮೆರಾ ಇದ್ದದ್ದನ್ನು ಮರೆತು ತಾಯಿಯ ಕಡೆ ತಿರುಗಿದಳು. ನನ್ನ ಬೆರಳು ಒತ್ತಿಯಾಗಿತ್ತು.

"ಅಕ್ಕಾ..." ಅಂದ ಅಪ್ಪ. ಗಂಗತ್ತಿ ಅವನ ಕಡೆ ನೋಡಿ, ಎಲ್ಲ ಸರಿಯಾಗಿ ನಡೆದಿದೆ ಎಂಬಂತೆ ನಕ್ಕು ತಲೆಯಾಡಿಸಿದಳು.

ದೊಡ್ಡಪ್ಪನಿಗೆ ತಡವಾಗಲಿಲ್ಲ. ತಮ್ಮನ ಹೆಂಡತಿಯ ಭಾರ ತನ್ನ ಗೋಡೆಯ ಬಾಜೂದಿಂದ ಇಳಿಯುತ್ತಿದ್ದದ್ದು ಅವನಿಗೆ ಕಂಡಿತ್ತು. "ಆತಲ್ಲ! ಹಿರೇರ ಬಾಯಿಂದ ಮಾತು ಬಂತು. ಎಲಿಅಡಿಕಿ ತರ್ರಿ." ಎಲೆಅಡಿಕೆ ಬಂತು, ಸಕ್ಕರೆ ಹಂಚಿದರು. ಪಾರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಗಂಗತ್ತಿಯ ಕಾಲಿಗೆ ಬಿದ್ದಳು. ಗಂಗತ್ತಿ ಅವಳನ್ನು ಎತ್ತಿ, 'ಇಷ್ಟಕ್ಕೆ ಯಾಕೆ ಇಷ್ಟು?' ಎನ್ನುವಂತೆ ನನ್ನ ಕಡೆ ನೋಡಿದಳು. ನಾನು ಕ್ಯಾಮೆರಾದ ತಳ ತಿರುವುತ್ತಿದ್ದೆ. ಮುಚ್ಚಳ ಬಿಗಿಯಾಗಿ ಕೂತು ಬರುತ್ತಿರಲಿಲ್ಲ.

ಅದು ಬಂದದ್ದು ವಾಪಸು ಬಸ್ಸು ಹತ್ತಿದ ಮೇಲೆ. ಮಿಷನ್ನು ಕಿವಿಗೆ ಏರಿಸಿಕೊಂಡ ಗಂಗತ್ತಿಯ ಮೊದಲ ಪ್ರಶ್ನೆ, "ಯಾಕೋ, ಎಲ್ಲಾರೂ ಹಿಂಗ ಕುಂತೀರಿ? ಹುಡುಗಿ ಚಲೋ ಇದ್ದಾಳಲ್ಲ?"

ಅಪ್ಪ ಹೇಳಿದ. ಈಗ ಅವಳಿಗೆ ಕೇಳುತ್ತದೆಂಬುದು ಗೊತ್ತಿದ್ದರೂ ರೂಢಿಯ ಮೇಲೆ ಕೂಗಿಯೇ ಹೇಳಿದ. ಗಂಗತ್ತಿಗಿಂತ ಮೊದಲು ಬಸ್ಸಿನ ಮಂದಿಗೆಲ್ಲ ವಿಷಯ ತಿಳಿಯಿತು.

ಗಂಗತ್ತಿ ಮಿಷನ್ನನ್ನು ಕಿವಿಯ ಹಿಂದೆ ಮತ್ತೊಮ್ಮೆ ಒತ್ತಿಕೊಂಡಳು. "ನಾ ಜವಳಿ ತರಾಕ ಬರಲೇನು ಅಂತ ಕೇಳಾಕತ್ತಾಳ ಅಂತ ತಿಳಕೊಂಡೆ" ಅಂದಳು. ಆಮೇಲೆ, "ಜವಳಿಗೆ ಬರಲೇನು ಅಂತ ಕೇಳೂ ಮಾರಿ ಅಲ್ಲ ಅದು, ಅಂತ ಅನ್ನಿಸಿತ್ತು. ಅಂದ್ರೂ ಬರ್ರಿ ಅಂದೆ. ಅಷ್ಟ ಅಂಜಿ ಕೇಳಾಕತ್ತಿದ್ಲು, ಬ್ಯಾಡ ಅನ್ನಾಕ ಆಗಲಿಲ್ಲ" ಅಂದಳು.

"ಹೆಣ್ಣ ಕೊಟ್ಟಾಕಿ ಬೀಗರ ಮನ್ಯಾಗ ಬಂದ ಕುಂತ್ರ ಊರಾಗ ಏನಂತಾರ, ಅಕ್ಕಾ?"

"ನಾ ಬಂದ ಕುಂತಾಗ ಏನಂದ್ರು?"

"ನೀ ನನ್ನ ಅಕ್ಕ. ನಿಂದು ತವರಮನಿ."

"ಆಕಿಗೆ ತವರಮನಿ ಇಲ್ಲಲ್ಲೊ."

ಹಿಂದಿನ ಸೀಟಿನಿಂದ ಒಬ್ಬ ಮುದುಕ, "ಬರಲಿ ಬಿಡ್ರಿ ಗೌಡ್ರ, ಒಂದ ರೊಟ್ಟಿ ಹೆಚ್ಚ ಬಡದ್ರಾತು" ಅಂದ. ಅವನ ಹೆಂಡತಿ ಅವನನ್ನು ಗದರಿಸಿದಳು. ಇನ್ನೊಬ್ಬ ಅಪ್ಪನ ಪರ ಮಾತಾಡಿದ. ಕುಂದಗೋಳ ಬರುವುದರೊಳಗೆ ಬಸ್ಸಿನಲ್ಲಿ ಎರಡು ಪಕ್ಷಗಳಾಗಿದ್ದವು. ಅಪ್ಪ ಮಾತ್ರ ಇಳಿಯುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತ.

ಮರುದಿನ ಅಪ್ಪ ನನ್ನನ್ನು ಕರೆದ. "ಕುಬಿಹಾಳಕ್ಕ ಹೋಗಿ ಹೇಳಿ ಬಾ. ಗಂಗತ್ತಿಗೆ ಕಿವಿ ಕೇಳೂದಿಲ್ಲ, ತಿಳೀಲಾರದ ಅಂದಾಳ ಅಂತ. ಸೆಲ್ಲ ತಗದಾಂವ ನೀನ, ನೀನ ಹೇಳು." ಗಂಗತ್ತಿಯನ್ನು ಕೇಳಿದರೆ, "ನಾ ಅಂದದ್ದ ಅಂದಂಗ. ನಿಮ್ಮಪ್ಪಗ ಹೇಳಬೇಕಿದ್ರ ತಾನ ಹೋಗಲಿ" ಎಂದು ಕೇರುವ ಮೊರ ಜೋರಾಗಿ ಬಡಿದಳು. ಫೋಟೋ ಬರಲಿ, ತೋರಿಸುವ ನೆಪವಾಗುತ್ತದೆ ಎಂದು ನಾನು ಮುಂದೂಡಿದೆ. ಫೋಟೋ ಬಂತು. ಸೈಕಲ್ ಹೊಡೆದುಕೊಂಡು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಹೇಗೆ ಜೋಡಿಸಿದರೂ ಅದು ಅಸಹ್ಯವಾಗಿಯೇ ಕೇಳಿಸುತ್ತಿತ್ತು.

ಪಾರವ್ವ ಒಬ್ಬಳೇ ಇದ್ದಳು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ನಾನು ಕೂತ ರೀತಿ ನೋಡಿಯೇ ಅವಳಿಗೆ ತಿಳಿಯಿತೇನೋ.

"ಬಸ್ಸಿನಾಗ ಬಂದವ್ರು ಹೇಳಿದ್ರು. ಯಕ್ಕಾರಿಗೆ ಕಿವಿ ಕೇಳಸೂದಿಲ್ಲಂತ, ಖರೇ ಏನಪಾ?"

"ಹೌದ್ರಿ."

"ಅವತ್ತ ನಾ ಅಂದದ್ದು ಕೇಳಿಸಿರಲಿಲ್ಲೇನು?"

ನಾನು ಬೆಲ್ಲದ ಚೂರನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ದೂಡಿದೆ.

"ಆ ಮಾತು ಹಿಡೀಬ್ಯಾಡ್ರಿ ಅಂತ ಹೇಳಾಕ ಬಂದೀಯೇನಪಾ? ಹಂಗಿದ್ರ ಹೇಳು. ನಾ ಏನೂ ಅನ್ಕೊಳ್ಳೂದಿಲ್ಲ. ಆದರ ಇದರ ಸಲುವಾಗಿ ನನ್ನ ಮಗಳ ಲಗ್ನ ಮುರೀಬ್ಯಾಡ್ರಿ."

ಇಷ್ಟು ಹೇಳಿ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಗಂಗತ್ತಿ ಬಸ್ಸಿನಲ್ಲಿ ಹೇಳಿದ ಆ ಮುಖವನ್ನು ನಾನು ಕ್ಯಾಮೆರಾದ ಹಿಂದೆ ಇದ್ದದ್ದರಿಂದ ಅವತ್ತು ನೋಡಿರಲಿಲ್ಲ. ಈಗ ನೋಡಿದೆ.

"ಇಲ್ಲರಿ, ಫೋಟೋ ತೋರಸಾಕ ಬಂದೇನಿ" ಅಂದೆ.

ಫೋಟೋದಲ್ಲಿ ಶಾರದಾ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಬೆಳಕಿಂಡಿಯ ಬೆಳಕು ಅರ್ಧ ಮುಖದ ಮೇಲೆ ಬಿದ್ದಿತ್ತು. ಬಾಯಿ ತುಸು ತೆರೆದಿತ್ತು. ನಂಬಲೋ ಬೇಡವೋ ಎಂದು ತಾಯಿಯನ್ನು ನೋಡುತ್ತಿದ್ದಳು. ಪಾರವ್ವ ಅದನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತಳು.

ಮನೆಗೆ ಬಂದಾಗ ಅಪ್ಪ, "ಹೇಳಿದ್ಯಾ?" ಅಂದ. "ಇಲ್ಲ" ಅಂದೆ. ಅವನು ಬೈಯಲಿಲ್ಲ. ಕೊಟ್ಟಿಗೆಗೆ ಹೋಗಿ ಎತ್ತುಗಳಿಗೆ ಆಗಲೇ ಹಾಕಿದ್ದ ಮೇವನ್ನು ಮತ್ತೊಮ್ಮೆ ಹಾಕಿದ.

ಅಣ್ಣನಿಗೆ ಫೋಟೋದ ಜೊತೆ ನಡೆದದ್ದನ್ನೆಲ್ಲ ಬರೆದೆ. ಅವನ ಉತ್ತರ ಚಿಕ್ಕದಾಗಿತ್ತು. ಹುಡುಗಿ ಕ್ಯಾಮೆರಾ ನೋಡಿಲ್ಲ, ಅದಕ್ಕೇ ಖರೇ ಕಾಣುತ್ತಾಳೆ, ಒಪ್ಪಿಗೆ. ತಾಯಿಯೂ ಬರಲಿ, ತಾನು ವರ್ಷದಲ್ಲಿ ಹೆಚ್ಚಿನ ದಿನ ಮನೆಯಲ್ಲಿ ಇರುವುದಿಲ್ಲ, ಅವಳಿಗೂ ತನ್ನವರು ಅಂತ ಒಬ್ಬರಿರಲಿ. ಅಪ್ಪ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿ, "ಆತು, ಎಲ್ಲಾರೂ ಶಾಣ್ಯಾ ಆದ್ರಿ" ಅಂದ.

ಮದುವೆಯಾಯಿತು. ಶಾರದಾ ನನಗೆ ವೈನಿಯಾದಳು. ಅಣ್ಣ ರಜೆ ಮುಗಿಸಿ ಹೋದ ಮೇಲೆ ಪಾರವ್ವ ಒಂದು ತಗಡಿನ ಟ್ರಂಕು, ಒಂದು ಶಾವಿಗೆ ಮಣೆ ಹಿಡಿದುಕೊಂಡು ಬಂದಳು. ಹೇಳಿದ ಹಾಗೆ ಒಂದು ಮೂಲೆ ಆರಿಸಿಕೊಂಡಳು. ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು, ಅದೂ ಯಾರೂ ನೋಡದ ಹಾಗೆ. ಉಳಿದ ಹೊತ್ತೆಲ್ಲ ಕೈ ಆಡುತ್ತಲೇ ಇರಬೇಕು. ಮೆಣಸಿನಕಾಯಿಯ ತೊಟ್ಟು ಬಿಡಿಸುವುದು, ಜೋಳ ಹಸನು ಮಾಡುವುದು, ಯಾರದೋ ಕೌದಿ ಹೊಲಿಯುವುದು. ಗಂಗತ್ತಿ ಕೆಲವು ದಿನ ನೋಡಿದಳು. ಒಂದು ಮಧ್ಯಾಹ್ನ ಅವಳ ಕೈಯಿಂದ ಮೊರ ಕಿತ್ತುಕೊಂಡು, "ಇಲ್ಲೆ ನೀ ಆಳ ಅಲ್ಲ. ಬಾ, ನನ್ನ ಜೋಡಿ ಎಲಿ ಹಾಕ್ಕೋ" ಎಂದು ಎಳೆದು ಕೂಡಿಸಿದಳು. ಅಂದಿನಿಂದ ಇಬ್ಬರೂ ಕಟ್ಟೆಯ ಮೇಲೆ ಒಟ್ಟಿಗೇ. ಸಣ್ಣ ದನಿಯ ಪಾರವ್ವ ಹೇಳುವುದು, ಕಿವಿ ಕೇಳದ ಗಂಗತ್ತಿ ಉತ್ತರಿಸುವುದು. ಸೆಲ್ಲು ಇಲ್ಲದ ದಿನವೂ ಅವರ ಮಾತಿಗೆ ಕೊರತೆ ಬೀಳಲಿಲ್ಲ. ಒಬ್ಬಳು ಜಾತಕದ ಬಗ್ಗೆ ಕೇಳಿದರೆ ಇನ್ನೊಬ್ಬಳು ಜಾಲಿಮರದ ಬಗ್ಗೆ ಹೇಳುತ್ತಿದ್ದಳು. ಇಬ್ಬರಿಗೂ ಸಮಾಧಾನವಿತ್ತು.

ಸಮಾಧಾನವಿಲ್ಲದವನು ಅಪ್ಪ. ಅವನು ಪಾರವ್ವನ ಜೊತೆ ಮಾತಾಡುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ, ಅಲ್ಲಿ ಯಾರೂ ಇಲ್ಲ ಎನ್ನುವಂತೆ ಇರುತ್ತಿದ್ದ. ತೀರ ಅಗತ್ಯವಿದ್ದರೆ ಗಂಗತ್ತಿಯ ಮುಖಾಂತರ ಕೇಳುತ್ತಿದ್ದ. "ಅಕ್ಕಾ, ಬುತ್ತಿ ಕಟ್ಟ್ಯಾರೇನು ಕೇಳು." ಸೆಲ್ಲಿಲ್ಲದ ದಿನ ಗಂಗತ್ತಿಗೆ ಕೇಳಿಸುತ್ತಿರಲಿಲ್ಲ. ಇನ್ನೂ ಜೋರಾಗಿ ಕೂಗುತ್ತಿದ್ದ. ಓಣಿಗೆಲ್ಲ ಕೇಳಿಸುತ್ತಿತ್ತು. ಅವನ ಎದುರಿಗೇ ನಿಂತ ಪಾರವ್ವ, "ಕಟ್ಟೇನಿ ಅಂತ ಹೇಳ್ರಿ ಯಕ್ಕಾರ" ಎಂದು ಮೆಲ್ಲಗೆ ಹೇಳಿ ಬುತ್ತಿಗಂಟನ್ನು ಅಪ್ಪನ ಮುಂದೆಯೇ ಇಡುತ್ತಿದ್ದಳು. ನಡುವೆ ಕೂತ ಗಂಗತ್ತಿ ಇಬ್ಬರ ಬಾಯಿಯನ್ನೂ ನೋಡಿ, "ಏನಂತ?" ಎಂದು ನನ್ನನ್ನು ಕೇಳುತ್ತಿದ್ದಳು. ಇದು ತಿಂಗಳುಗಟ್ಟಲೆ ನಡೆಯಿತು.

ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆ ಪಾರವ್ವ, ಕುಬಿಹಾಳದ ಮನೆಯ ಮಾಳಿಗೆಗೆ ಮಣ್ಣು ಹಾಕಿಸದಿದ್ದರೆ ಸೋರುತ್ತದೆ ಎಂದು ಹೊರಟಳು. ಮೂರ್ನಾಲ್ಕು ದಿನದ ಕೆಲಸ ಎಂದವಳು ವಾರವಾದರೂ ಬರಲಿಲ್ಲ. ಒಂದು ಸಂಜೆ ಅಪ್ಪ ಹೊಲದಿಂದ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತ. ಅರ್ಧ ರೊಟ್ಟಿ ತಿಂದು ಆ ಕಡೆ ಈ ಕಡೆ ನೋಡಿದ.

"ಯಾಕ, ಮನಿ ಭಣಾ ಭಣಾ ಅನ್ನಾಕತ್ತೈತಿ?"

"ಅವ್ವ ಇಲ್ಲಲ್ಲರಿ, ಮಾವಾರ" ಅಂದಳು ವೈನಿ.

"ಹೂಂ" ಅಂದ.

ಮರುದಿನ ಮುಂಜಾನೆ ಗಾಡಿಗೆ ಎತ್ತು ಹೂಡಿ ನನ್ನನ್ನು ಕರೆದ. "ಈರ್ಯಾ, ಬಾ. ಕುಬಿಹಾಳದಾಗ ಹತ್ತಿಕಾಳು ಅಗ್ಗ ಆಗ್ಯಾವಂತ, ನೋಡಿ ಬರೂಣು." ಎತ್ತಿಗೆ ತಿನ್ನಿಸುವ ಹತ್ತಿಕಾಳಿನ ಅಂಗಡಿ ಕುಬಿಹಾಳದಲ್ಲಿ ಊರ ಮುಂದೆಯೇ ಇತ್ತು. ಅಪ್ಪ ಅದರ ಕಡೆ ತಿರುಗಿಯೂ ನೋಡದೆ ಗಾಡಿಯನ್ನು ಒಳ ಓಣಿಗೆ ಹೊಡೆದ.

ಪಾರವ್ವ ಅಂಗಳದಲ್ಲಿ ಮಣ್ಣು ಕಲಸುತ್ತಿದ್ದಳು. ಮೊಣಕೈವರೆಗೆ ಕೆಸರು. ಗಾಡಿ ನೋಡಿ ಎದ್ದು, ಸೆರಗು ಸರಿಮಾಡಿಕೊಳ್ಳಲು ಹೋಗಿ ಸೆರಗಿಗೂ ಕೆಸರು ಹಚ್ಚಿಕೊಂಡಳು. ಅಪ್ಪ ಗಾಡಿಯಿಂದ ಇಳಿಯಲಿಲ್ಲ. ಹಗ್ಗ ಹಿಡಿದುಕೊಂಡೇ, ಅವಳು ನಮ್ಮ ಮನೆಗೆ ಬಂದ ಮೇಲೆ ಮೊದಲನೆಯ ಸಲ ಅವಳ ಜೊತೆ ನೇರವಾಗಿ ಮಾತಾಡಿದ.

"ಬೀಗತ್ಯಾರ, ಮಾಳಗಿ ಕೆಲಸ ಮುಗೀತೇನ್ರಿ?"

"ಇನ್ನ ಸ್ವಲ್ಪ ಐತ್ರಿ."

"ಆಳ ಹಚ್ಚಿ ಮಾಡಸೂಣು. ನೀವು ಗಾಡಿ ಹತ್ರಿ."

ಅವಳಿಗೆ ಗಾಬರಿಯಾಯಿತು. "ಯಾಕ್ರಿ, ಏನಾತ್ರಿ? ಯಕ್ಕಾರು ಆರಾಮ ಇದ್ದಾರಲ್ಲ?"

ಅಪ್ಪ ಎತ್ತಿನ ಬೆನ್ನ ಮೇಲೆ ಇಲ್ಲದ ನೊಣವನ್ನು ಓಡಿಸಿದ.

"ಅಕ್ಕ ಊಟಾ ಬಿಟ್ಟಾಳ. ನೀವಿಲ್ಲಂತ ಒಂದ ತುತ್ತೂ ಇಳೀವಲ್ದು ಆಕಿಗೆ."

ಪಾರವ್ವ ಕೈ ತೊಳೆಯಲು ಒಳಗೆ ಓಡಿದಳು. ನಾವು ಹೊರಡುವ ಮೊದಲು ಗಂಗತ್ತಿ ನನ್ನ ಎದುರಿಗೇ ಕೂತು, ಬದನೆಕಾಯಿ ಪಲ್ಯದ ಜೊತೆ ಎರಡು ರೊಟ್ಟಿ ತಿಂದು, ಮೇಲೆ ಒಂದು ತಂಬಿಗೆ ಮಜ್ಜಿಗೆ ಕುಡಿದಿದ್ದಳು. ಅಪ್ಪ ಹಿಂದೆ ತಿರುಗಿ ನನ್ನ ಕಡೆ ನೋಡಿದ. ನಾನು ಗಾಡಿಯಲ್ಲಿದ್ದ ಹುಲ್ಲನ್ನು ಒಂದು ಕಡೆ ಒತ್ತಿ, ಮೇಲೆ ಕಂಬಳಿ ಹಾಸಿ, ಅವಳಿಗೆ ಕೂಡಲು ಜಾಗ ಮಾಡಿದೆ.